ಪದಚರ್ಚೆ: ಯುರೋಪಿನ ‘ನಿರೀಕ್ಷೆ’ ಆಸೆಯೋ, ಅಂದಾಜೋ, ತಾಕೀತೋ?

ಬಲ್ಲವರಲ್ಲಿ ಒಂದು ಸಂದೇಹ.

ಅಮೆರಿಕದ ಅಧ್ಯಕ್ಷರ ಚುನಾವಣೆ ಮುಗಿದ ಮೇಲೆ ಅಲ್ಲಿನ ವಿದೇಶಾಂಗ ನೀತಿಯಿಂದ ಯುರೋಪ್ ಏನನ್ನು ಎದುರು ನೋಡುತ್ತದೆ ಎಂಬ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲದಲ್ಲಿ ‘ಎಕ್ಸ್‌ಪೆಕ್ಟ್’ ಎಂಬ ಒಂದೇ ಕ್ರಿಯಾಪದ ಪುಟಪುಟಕ್ಕೂ ಬರುತ್ತದೆ. ಅಲ್ಲೆಲ್ಲ ಕಣ್ಣುಮುಚ್ಚಿ ‘ನಿರೀಕ್ಷಿಸು’ ಎಂದು ಹಾಕುತ್ತ ಹೋದರೆ ಕೆಲವು ಕಡೆ ಅರ್ಥವೇ ತಿರುಗಿಬೀಳುತ್ತಿದೆ.

2008ರದು ಸುಲಭ. ಆ ಜುಲೈನಲ್ಲಿ ಒಬಾಮ ಇನ್ನೂ ಅಭ್ಯರ್ಥಿಯಾಗಿದ್ದಾಗಲೇ ಬರ್ಲಿನ್ನಿನ ವಿಜಯಸ್ತಂಭದ ಬಳಿ ಅವರ ಮಾತು ಕೇಳಲು ಸುಮಾರು 2 ಲಕ್ಷ ಜನ ಸೇರಿದ್ದರು. ಇರಾಕ್ ಯುದ್ಧದಿಂದ ಬೇಸತ್ತಿದ್ದ ಯುರೋಪಿಗೆ ಅಮೆರಿಕ ಇನ್ನಾದರೂ ನಾಲ್ಕು ಜನರನ್ನು ಕೇಳಿ ಹೆಜ್ಜೆಯಿಡುತ್ತದೆ, ಉಗ್ರರೆಂಬ ಶಂಕೆಯವರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದ್ದ ಗ್ವಾಂಟನಾಮೊ ಸೆರೆಮನೆ ಮುಚ್ಚುತ್ತದೆ ಎಂಬ ಆಸೆ. ಇದಕ್ಕೆ ‘ನಿರೀಕ್ಷೆ’ ಚೆನ್ನಾಗಿ ಒಪ್ಪುತ್ತದೆ. ವರ್ಷದೊಳಗೆ ಮುಚ್ಚಬೇಕೆಂದು 2009ರ ಜನವರಿಯಲ್ಲಿ ಆದೇಶವೇನೋ ಹೊರಟಿತು, ಸೆರೆಮನೆ ಮುಚ್ಚಲಿಲ್ಲ. ‘ನಿರೀಕ್ಷೆ ಹುಸಿಯಾಯಿತು’ ಎಂದು ಬರೆದರೆ ಯಾರ ತಕರಾರೂ ಇರದು.

ಈಗ 2024ಕ್ಕೆ ಬನ್ನಿ. ಟ್ರಂಪ್ ಮತ್ತೆ ಗೆದ್ದರೆ ಸುಂಕ ಹೇರುತ್ತಾರೆ, ಉಕ್ರೇನಿಗೆ ಕೊಡುವ ನೆರವಿಗೆ ಕತ್ತರಿ ಹಾಕುತ್ತಾರೆ, ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಇನ್ನೊಮ್ಮೆ ಹೊರನಡೆಯುತ್ತಾರೆ ಎಂದು ಯುರೋಪಿನ ರಾಜಧಾನಿಗಳು ಮೊದಲೇ ಲೆಕ್ಕ ಹಾಕಿದ್ದವು. ಮೂಲದಲ್ಲಿ ಇದಕ್ಕೂ ಅದೇ ಕ್ರಿಯಾಪದ. 2025ರ ಜುಲೈನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಐರೋಪ್ಯ ಒಕ್ಕೂಟ ಅಮೆರಿಕಕ್ಕೆ ಹೋಗುವ ತನ್ನ ಬಹುಪಾಲು ಸರಕಿನ ಮೇಲೆ ಶೇ 15ರ ಸುಂಕಕ್ಕೆ ತಲೆಯಾಡಿಸಬೇಕಾಯಿತು. ‘ಯುರೋಪಿನ ನಿರೀಕ್ಷೆ ನಿಜವಾಯಿತು’ ಎಂದು ನಾನು ಬರೆದರೆ ಓದುಗರು ಏನೆಂದುಕೊಂಡಾರು? ಸುಂಕ ಬಿದ್ದದ್ದಕ್ಕೆ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಸಿಹಿ ಹಂಚಿದರು ಎಂದೇ!

ನಿರೀಕ್ಷೆಯ ಧಾತುವಿನಲ್ಲಿ ಆಸೆ ಇಲ್ಲ, ಬರೀ ನೋಟವಿದೆ. (ಕಂದಾಯ ನಿರೀಕ್ಷಕರು ಏನನ್ನು ನಿರೀಕ್ಷಿಸುತ್ತಾರೆ ಎಂಬ ಹಳೆಯ ಕುಹಕ ಇಲ್ಲಿ ಬೇಡ.) ಆದರೆ ಬಳಕೆಯಲ್ಲಿ ಅದಕ್ಕೆ ಒಳ್ಳೆಯದರ ಕಡೆಗೇ ವಾಲುವ ಗುಣ ಬಂದುಬಿಟ್ಟಿದೆ. ‘ಮಳೆಯ ನಿರೀಕ್ಷೆ’ ಸರಿ. ‘ಸಾವಿನ ಸಂಖ್ಯೆ ಏರುವ ನಿರೀಕ್ಷೆ’ ಎಂದು ಯಾರಾದರೂ ಬರೆದರೆ ಕಿವಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಬೇಡದ್ದರ ವಿಷಯದಲ್ಲಿ ಕನ್ನಡ ವಾಕ್ಯವನ್ನೇ ತಿರುಗಿಸುತ್ತದೆ. ಒಳ್ಳೆಯದನ್ನು ನಾವು ಕಾಯುತ್ತೇವೆ. ಕೆಟ್ಟದ್ದು ನಮಗಾಗಿ ಕಾದಿರುತ್ತದೆ. ‘ನಿನಗೆ ಮಾರಿಹಬ್ಬ ಕಾದಿದೆ’ ಎನ್ನುತ್ತೇವಲ್ಲ, ಹಾಗೆ. ಆದ್ದರಿಂದ 2024ರ ಅಧ್ಯಾಯಕ್ಕೆ ‘ಯುರೋಪಿಗೆ ಏನು ಕಾದಿದೆ?’ ಎಂದು ತಲೆಬರಹ ಕೊಟ್ಟಿದ್ದೇನೆ.

ಮೂರನೆಯ ಬಳಕೆ ಅಮೆರಿಕದ ಬಾಯಲ್ಲಿ ಬರುವಂಥದು. ರಕ್ಷಣೆಗೆ ಮಿತ್ರರಾಷ್ಟ್ರಗಳು ಇನ್ನಷ್ಟು ದುಡ್ಡು ಹಾಕಬೇಕೆಂದು ಅದು ‘ನಿರೀಕ್ಷಿಸುತ್ತದೆ’. ಇದು ಟ್ರಂಪ್ ಒಬ್ಬರ ವರಾತ ಅಲ್ಲ. ಒಬಾಮ ಕಾಲದಲ್ಲೇ, 2011ರಲ್ಲಿ, ರಕ್ಷಣಾ ಸಚಿವ ರಾಬರ್ಟ್ ಗೇಟ್ಸ್ ಬ್ರಸೆಲ್ಸ್‌ಗೆ ಹೋಗಿ ಹೀಗೇ ಆದರೆ ಅಮೆರಿಕ–ಯುರೋಪುಗಳ ಸೇನಾ ಕೂಟವಾದ ನೇಟೊದ ಭವಿಷ್ಯ ಮಂಕಾದೀತೆಂಬ ಧಾಟಿಯಲ್ಲಿ ಎಚ್ಚರಿಸಿದ್ದರು. 2014ರ ನೇಟೊ ವೇಲ್ಸ್ ಶೃಂಗಸಭೆಯಲ್ಲಿ ರಕ್ಷಣೆಗೆ ಜಿಡಿಪಿಯ ಶೇ 2 ಎಂಬ ಗುರಿ, 2025ರ ಹೇಗ್ ಶೃಂಗಸಭೆಯಲ್ಲಿ 2035ರೊಳಗೆ ಶೇ 5 ಎಂಬ ಗುರಿ. ಮದುವೆಯ ಕರೆಯೋಲೆಯಲ್ಲಿ ‘ತಮ್ಮ ಆಗಮನವನ್ನು ನಿರೀಕ್ಷಿಸುವ’ ಎಂದು ಅಚ್ಚು ಹಾಕಿಸಿದಷ್ಟು ಮೆತ್ತಗಿನ ಮಾತಲ್ಲ ಇದು. ನಾನು ‘ತಾಕೀತು’ ಎಂದು ಹಾಕಿದ್ದೇನೆ. ತುಸು ಗಡುಸಾಯಿತು ಎನ್ನುವವರಿಗೆ ‘ಪಟ್ಟು’ ಇದೆ.

ನನಗೆ ಹೆಚ್ಚು ತಲೆನೋವಾಗಿರುವುದು ಇವುಗಳಲ್ಲಿ ಯಾವುದೂ ಅಲ್ಲ, ಆಗ ಜರ್ಮನಿಯ ಚಾನ್ಸಲರ್ ಆಗಿದ್ದ ಮರ್ಕೆಲ್ ಆಡಿದ ಒಂದು ಮಾತು. 2017ರ ಮೇ 28ರಂದು ಮ್ಯೂನಿಕ್ಕಿನ ಬಿಯರ್ ಚಪ್ಪರದಡಿ ಚುನಾವಣಾ ಭಾಷಣ ಮಾಡುತ್ತ, ಬೇರೆಯವರನ್ನು ಪೂರ್ತಿಯಾಗಿ ನಂಬಿಕೊಂಡಿರಬಹುದಾಗಿದ್ದ ಕಾಲ ಒಂದಿಷ್ಟರ ಮಟ್ಟಿಗೆ ಮುಗಿಯಿತು ಎಂಬರ್ಥದಲ್ಲಿ ಅವರು ಹೇಳಿದರು. ಟ್ರಂಪ್ ಹೆಸರು ಎತ್ತಲಿಲ್ಲ. ಇಂಥ ಕಡೆ ನಾವು ಬರೆಯುವುದು ‘ಅವಲಂಬಿಸು’. ಅದರಲ್ಲಿ ಪರಾಧೀನತೆ ಇದೆ, ವಿಶ್ವಾಸವಿಲ್ಲ. ಜರ್ಮನ್ ಮಾತಿನಲ್ಲಿ ಎರಡೂ ಇವೆ. ‘ನೆಚ್ಚಿಕೊಂಡಿರು’ ಇದಕ್ಕೆ ಹೇಳಿ ಮಾಡಿಸಿದಂತಿದೆ: ಮಳೆಯನ್ನೇ ನೆಚ್ಚಿಕೊಂಡ ರೈತ ಎನ್ನುತ್ತೇವೆ. 2021ರ ಫೆಬ್ರುವರಿಯಲ್ಲಿ ಬೈಡನ್ ‘ಅಮೆರಿಕ ಮರಳಿ ಬಂದಿದೆ’ ಎಂದಾಗ ಯುರೋಪಿನ ಮುಖಂಡರಲ್ಲಿ ಅನೇಕರಿಗೆ ಹಳೆಯ ನೆಚ್ಚಿಕೆ ಚಿಗುರಿದ್ದೂ, ಆಗಸ್ಟಿನಲ್ಲಿ ಅಮೆರಿಕದ ಸೇನೆ ಕಾಬೂಲ್ ಬಿಟ್ಟು ಹೊರಟ ಹಾಗೂ ಸೆಪ್ಟೆಂಬರಿನಲ್ಲಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಆಕಸ್ ರಕ್ಷಣಾ ಒಪ್ಪಂದವಾದ ಹೊತ್ತಿಗೆ ಅದು ಮುದುಡಿದ್ದೂ ಈ ಪದದಲ್ಲಿ ಚೆನ್ನಾಗಿ ಕೂರುತ್ತವೆ. ಆಕಸ್‌ನಿಂದ ತನ್ನ ಜಲಾಂತರ್ಗಾಮಿ ಮಾರಾಟ ಕೈತಪ್ಪಿದ್ದಕ್ಕೆ ಫ್ರಾನ್ಸ್ ಆಗ ವಾಷಿಂಗ್ಟನ್ನಿನಿಂದ ತನ್ನ ರಾಯಭಾರಿಯನ್ನೇ ವಾಪಸು ಕರೆಸಿಕೊಂಡಿತ್ತು.

ತೊಡಕೆಂದರೆ, ‘ನೆಚ್ಚಿನ ನಟ’, ‘ನೆಚ್ಚಿನ ತಿಂಡಿ’ ಓದಿ ಬೆಳೆದವರಿಗೆ ‘ಯುರೋಪಿನ ನೆಚ್ಚಿಕೆ’ ಎಂದರೆ ಯುರೋಪಿಗೆ ಇಷ್ಟವಾದದ್ದು ಎಂದು ತೋರೀತೇ? ಎಳೆಯರ ಜತೆ ಪಾಠದ ಒಡನಾಟವಿರುವ ಮೇಷ್ಟರುಗಳು ದಯವಿಟ್ಟು ತಿಳಿಸಿ.

ಇನ್ನೊಂದು. ‘ಏನು ಕಾದಿದೆ’ ಎಂಬುದು ವಾಕ್ಯವಾಗಿ ಸರಿ, ಅದಕ್ಕೆ ನಾಮಪದ ಹೊರಡುತ್ತಿಲ್ಲ. ‘ಆತಂಕ’, ‘ಭೀತಿ’ ಎಂದರೆ ಹೆದರಿಕೆ ಸೇರಿಬಿಡುತ್ತದೆ. ‘ಶಂಕೆ’ ಈಚೆಗೆ ಪೊಲೀಸ್ ವರದಿಗಳ ಪಾಲಾಗಿದೆ. ‘ಅಂದಾಜು’ ಎಂದರೆ ಬರೀ ಲೆಕ್ಕ. ಬೇಡದ್ದು ಬರಲಿದೆ ಎಂದು ಗೊತ್ತಿದ್ದೂ ತಣ್ಣಗೆ ಸಿದ್ಧವಾಗಿರುವುದಕ್ಕೆ ಧಾರವಾಡದ ಕಡೆ, ಕರಾವಳಿಯ ಕಡೆ ಏನಾದರೂ ಮಾತಿದೆಯೇ?