ಮಾರ್ಫಿನ್ 60, ಟ್ರಮಡಾಲ್ 150, ನೋವು ಮಾತ್ರ ಹಾಗೇ ಇದೆ: ಏರಿಸೋದಾ, ಇಳಿಸೋದಾ?

ಹೊಸಓಪಿಡಿ (ಪ್ರಶ್ನೆ)

ರೋಗಿ ಗಂಡಸು, 58 ವರ್ಷ. ಸೊಂಟದ ಡಿಸ್ಕ್ ಆಪರೇಷನ್ ಆಗಿ ಎರಡು ವರ್ಷ ಕಳೆದರೂ ನೋವು ಬಿಟ್ಟಿಲ್ಲ. ಸೊಂಟದಲ್ಲಿ ಹಿಡಿತ, ಎಡಗಾಲಿಗೆ ಇಳಿಯುವ ಉರಿ. 18 ತಿಂಗಳಿಂದ ಸ್ಲೋ ರಿಲೀಸ್ ಮಾರ್ಫಿನ್ 30 ಮಿ.ಗ್ರಾಂ ಬೆಳಿಗ್ಗೆ ಮತ್ತು ರಾತ್ರಿ, ಟ್ರಮಡಾಲ್ 50 ಮಿ.ಗ್ರಾಂ ದಿನಕ್ಕೆ ಮೂರು ಸಲ, ಮಲಗುವಾಗ ಕ್ಲೋನಾಜೆಪಾಮ್ 0.5. ಹತ್ತಕ್ಕೆ ನೋವೆಷ್ಟು ಅಂದರೆ 7 ಅನ್ನುತ್ತಾರೆ. ವರ್ಷದ ಹಿಂದಿನ ಚೀಟಿಯಲ್ಲೂ 7 ಅಂತಲೇ ಇದೆ.

ಮಾರ್ಫಿನ್ ಏರಿಸಿ ಅನ್ನೋದು ರೋಗಿಯ ಬೇಡಿಕೆ. ಮಾತ್ರೆ ನಾಲ್ಕೈದು ಗಂಟೆ ತಡವಾದರೆ ಬೆವರು, ಆಕಳಿಕೆ, ಚಡಪಡಿಕೆ ಶುರುವಾಗುತ್ತದೆ. ಅದನ್ನು ನೋಡಿದ ಮನೆಯವರು "ಚಟ ಹತ್ತಿಬಿಟ್ಟಿದೆ, ಇವತ್ತೇ ನಿಲ್ಲಿಸಿ" ಅಂತ ಪಟ್ಟು ಹಿಡಿದಿದ್ದಾರೆ. ಎಂಆರ್‌ಐಯಲ್ಲಿ ಹೊಸದೇನಿಲ್ಲ. ಕಾಲಿನ ಬಲ, ಮಲಮೂತ್ರದ ಹಿಡಿತ ಎರಡೂ ಸರಿ ಇವೆ.

ಇದು ಚಟವೇ? ಇಳಿಸುವುದಾದರೆ ಯಾವುದರಿಂದ ಶುರು? ಕಾಲಿನ ಉರಿಗೆ ಡುಲೋಕ್ಸೆಟಿನ್ ಇವತ್ತೇ ಸೇರಿಸಬಹುದೇ?

ನಿಧಾನವೇಪ್ರಧಾನ

ಮೊದಲು ಎರಡೂ ಮದ್ದನ್ನು ಮಾರ್ಫಿನ್ ಅಳತೆಗೆ ತಂದು ಲೆಕ್ಕ ಹಾಕೋಣ. ಮಾರ್ಫಿನ್ 60. ಟ್ರಮಡಾಲ್ 150ನ್ನು 0.2ರಿಂದ ಗುಣಿಸಿದರೆ 30. ಒಟ್ಟು ದಿನಕ್ಕೆ 90 ಮಿ.ಗ್ರಾಂ ಮಾರ್ಫಿನ್ ಸಮಾನ. ಟ್ರಮಡಾಲ್ ಅಂದರೆ "ಲೈಟ್ ಮಾತ್ರೆ" ಅಂತ ಲೆಕ್ಕದಿಂದ ಹೊರಗಿಡುವವರೇ ಹೆಚ್ಚು. ಇಲ್ಲಿ ಮೂರರಲ್ಲಿ ಒಂದು ಪಾಲು ಅದರದ್ದೇ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ 50 ಮುಟ್ಟುವ ಹೊತ್ತಿಗೇ ನಿಂತು ಯೋಚಿಸಿ ಅನ್ನುತ್ತದೆ, ಏಕೆಂದರೆ ಅಲ್ಲಿಂದಾಚೆ ಅಪಾಯ ಏರುವಷ್ಟು ಲಾಭ ಏರುವುದಿಲ್ಲ. ಇವರು 90ರಲ್ಲಿದ್ದಾರೆ, ಮೇಲೆ ಬೆಂಜೋ (ಆ ಕ್ಲೋನಾಜೆಪಾಮ್) ಬೇರೆ. ಏರಿಸುವ ಮಾತೇ ಬೇಡ.

ಹಾಗಂತ ಇವತ್ತೇ ನಿಲ್ಲಿಸುವುದೂ ತಪ್ಪು. ಹಠಾತ್ತಾಗಿ ನಿಲ್ಲಿಸಿದರೆ ಮದ್ದು ತಪ್ಪಿದಾಗಿನ ತೀವ್ರ ದೇಹಸಂಕಟ ಅಂದರೆ ವಿತ್‌ಡ್ರಾಯಲ್, ತಡೆಯಲಾಗದ ನೋವು, ಆತ್ಮಹತ್ಯೆಯ ಅಪಾಯ ಇವೆ ಎಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಏಪ್ರಿಲ್‌ನಲ್ಲೇ ಎಚ್ಚರಿಸಿದೆ.

ತಡವಾದರೆ ಬೆವರು, ಆಕಳಿಕೆ ಅಂದಿರಲ್ಲ, ಅದು ದೇಹದ ಅವಲಂಬನೆ. ತಿಂಗಳುಗಟ್ಟಲೆ ಓಪಿಯಾಯ್ಡ್ (ಮಾರ್ಫಿನ್, ಟ್ರಮಡಾಲ್ ಜಾತಿಯ ಮದ್ದು) ತೆಗೆದುಕೊಂಡ ಯಾರಿಗಾದರೂ ಆಗುವಂಥದ್ದು. ಚಟವನ್ನು ಅಳೆಯಲು ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 ಕೊಡುವುದು 11 ಲಕ್ಷಣ. 12 ತಿಂಗಳಲ್ಲಿ ಎರಡಾದರೂ ಇರಬೇಕು. ಬರೆದುಕೊಟ್ಟಂತೆ ಔಷಧಿ ನುಂಗುವವರಲ್ಲಿ ಟಾಲರೆನ್ಸ್ (ದೇಹ ಒಗ್ಗಿ ಅದೇ ಡೋಸ್ ಸಾಲದಾಗುವುದು) ಮತ್ತು ವಿತ್‌ಡ್ರಾಯಲ್ ಎರಡನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕೇಳಬೇಕಾದದ್ದು ಬೇರೆ: ಬರೆದದ್ದಕ್ಕಿಂತ ಹೆಚ್ಚು ನುಂಗುತ್ತಾರಾ? ಕಡಿಮೆ ಮಾಡಲು ಹೋಗಿ ಸೋತಿದ್ದಾರಾ? ನೋವಿಲ್ಲದಾಗಲೂ ಮಾತ್ರೆಗೆ ಮನಸ್ಸು ಎಳೆಯುತ್ತದಾ? ಕೆಲಸ, ಸಂಬಂಧ ಹಾಳಾಗುತ್ತಿದ್ದರೂ ಬಿಡಲಾಗುತ್ತಿಲ್ಲವಾ?

ಇಳಿಸುವುದನ್ನು ಟ್ರಮಡಾಲ್‌ನಿಂದ ಶುರು ಮಾಡಿ. ನಿಮ್ಮ ಡುಲೋಕ್ಸೆಟಿನ್ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಟ್ರಮಡಾಲ್ ಮೆದುಳಿನ ಸೆರೊಟೊನಿನ್ ಎಂಬ ರಾಸಾಯನಿಕವನ್ನು ಏರಿಸುತ್ತದೆ, ಡುಲೋಕ್ಸೆಟಿನ್ ಕೂಡ ಏರಿಸುತ್ತದೆ. ಜೊತೆಗೆ ಟ್ರಮಡಾಲ್ ತನ್ನ ನೋವು ತಗ್ಗಿಸುವ ರೂಪಕ್ಕೆ ತಿರುಗಲು ಬೇಕಾದ ಸಿವೈಪಿ2ಡಿ6 ಕಿಣ್ವವನ್ನು ಡುಲೋಕ್ಸೆಟಿನ್ ತಡೆಯುತ್ತದೆ. ಒಂದೇ ಏಟಿಗೆ ನೋವು ಹೆಚ್ಚು, ನಡುಕ ಹೆಚ್ಚು, ಫಿಟ್ಸ್ ಅಪಾಯವೂ ಹೆಚ್ಚು. ಟ್ರಮಡಾಲ್ ಪೂರ್ತಿ ಹೋಗಲಿ, ಆಮೇಲೆ 30 ಮಿ.ಗ್ರಾಂನಿಂದ ಶುರು ಮಾಡಿ, ಒಂದೆರಡು ವಾರಕ್ಕೆ 60.

ಒಂದು 50ರ ಟ್ರಮಡಾಲ್ ಅಂದರೆ 10 ಮಾರ್ಫಿನ್ ಸಮಾನ, 90ರಲ್ಲಿ ಸುಮಾರು 11 ಶೇಕಡ. ವರ್ಷಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಿಗೆ ತಿಂಗಳಿಗೆ ಸುಮಾರು 10 ಶೇಕಡ ಇಳಿಸುವುದು ರೂಢಿ. ಅಂದರೆ ತಿಂಗಳಿಗೊಂದು ಮಾತ್ರೆ, ಮಧ್ಯಾಹ್ನದ್ದು ಮೊದಲು. ಮೂರು ತಿಂಗಳಲ್ಲಿ 60ಕ್ಕೆ ಬರುತ್ತೀರಿ. ಟ್ರಮಡಾಲ್ ಬಿಡುವಾಗ ಮಾಮೂಲಿ ಬೆವರು-ಭೇದಿಯ ಜೊತೆ ಕೆಲವರಿಗೆ ದಿಗಿಲು, ಮೈ ಜುಮ್ಮೆನ್ನುವುದು, ಗೊಂದಲ ಸಹ ಬರುತ್ತದೆ. ಮೊದಲೇ ಹೇಳಿಟ್ಟರೆ ಹೆದರುವುದಿಲ್ಲ.

ಮಾರ್ಫಿನ್ ಇಳಿಸುವಾಗ ಸ್ಲೋ ರಿಲೀಸ್ ಮಾತ್ರೆ ಮುರಿಯಬೇಡಿ, ಪುಡಿ ಮಾಡಬೇಡಿ. 12 ಗಂಟೆಗೆ ಹಂಚಿಕೊಂಡು ಬಿಡಬೇಕಾದ ಮದ್ದು ಒಟ್ಟಿಗೇ ಇಳಿದುಬಿಡುತ್ತದೆ. 60ರಿಂದ ನೇರ 50ಕ್ಕೆ ಹಾರಿದರೆ 17 ಶೇಕಡ, ಜಾಸ್ತಿಯಾಯಿತು. ಬೆಳಿಗ್ಗೆ ಸ್ಲೋ ರಿಲೀಸ್ 30, ರಾತ್ರಿ 20, ನಡುವೆ ಸಾದಾ ಮಾರ್ಫಿನ್ 5: ಇದು 55. ಮುಂದಿನ ತಿಂಗಳು ಆ 5 ತೆಗೆಯಿರಿ. 30ಕ್ಕಿಂತ ಕೆಳಗೆ 5 ಮಿ.ಗ್ರಾಂ ಕೂಡ ದೊಡ್ಡ ಹೆಜ್ಜೆ, ಅಲ್ಲಿ 2.5ರ ಹೆಜ್ಜೆ ಇಡಿ. ಕಷ್ಟವಾದರೆ ಅಲ್ಲೇ ಒಂದು ತಿಂಗಳು ನಿಲ್ಲಿ, ಆದರೆ ಮೇಲೆ ಹತ್ತಬೇಡಿ.

ಕ್ಲೋನಾಜೆಪಾಮ್ ಇದರ ಜೊತೆಗೇ ಮುಟ್ಟಬೇಡಿ. ಎರಡನ್ನೂ ಒಟ್ಟಿಗೆ ಇಳಿಸಿದರೆ ಯಾವ ಲಕ್ಷಣ ಯಾವುದರದ್ದು ಅಂತ ಬ್ರಹ್ಮನಿಗೂ ತಿಳಿಯದು. ಅದರ ಸರದಿ ಬಂದಾಗ 2ರಿಂದ 4 ವಾರಕ್ಕೊಮ್ಮೆ 5ರಿಂದ 10 ಶೇಕಡ.

ಎರಡನೇಅಭಿಪ್ರಾಯ

ಮೇಲಿನ ಲೆಕ್ಕಕ್ಕೆ ತಕರಾರಿಲ್ಲ. ಆದರೆ "ಚಟವಲ್ಲ, ಅವಲಂಬನೆ" ಅನ್ನುವ ಮಾತು ಬಾಯಿಪಾಠ ಆಗಬಾರದು. 1980ರಲ್ಲಿ ಅಚ್ಚಾದ ಐದೇ ವಾಕ್ಯದ ಒಂದು ಪತ್ರವನ್ನು ಹಿಡಿದುಕೊಂಡು "ನೋವಿದ್ದವರಿಗೆ ಚಟ ಹತ್ತುವುದಿಲ್ಲ" ಅಂತ ದಶಕಗಟ್ಟಲೆ ಪಾಠ ಮಾಡಿದರು. ಆ ಪತ್ರ ಹೇಳಿದ್ದು ಆಸ್ಪತ್ರೆಯಲ್ಲಿ ದಾಖಲಾಗಿದ್ದವರ ಬಗ್ಗೆ, ವರ್ಷಗಟ್ಟಲೆ ಮನೆಯಲ್ಲಿ ನುಂಗುವವರ ಬಗ್ಗೆ ಅಲ್ಲ. ನೋವೂ ನಿಜ, ಚಟವೂ ನಿಜ ಅನ್ನುವ ರೋಗಿಗಳಿದ್ದಾರೆ.

ಮಾತ್ರೆ ಎಣಿಸಿ ನೋಡಿ: 28 ದಿನಕ್ಕೆ ಕೊಟ್ಟದ್ದು ಎಷ್ಟನೇ ದಿನಕ್ಕೆ ಮುಗಿಯಿತು? ಮೂತ್ರಪರೀಕ್ಷೆ ಮಾಡಿಸುವುದಾದರೆ ಅದರ ಮಿತಿ ಗೊತ್ತಿರಲಿ. ಸಾಮಾನ್ಯ ಓಪಿಯೇಟ್ ಸ್ಟ್ರಿಪ್ ಹಿಡಿಯುವುದು ಮಾರ್ಫಿನ್, ಕೋಡೀನ್‌ಗಳನ್ನು. ಟ್ರಮಡಾಲ್, ಫೆಂಟನಿಲ್ ಅದರಲ್ಲಿ ಕಾಣುವುದಿಲ್ಲ. "ಟ್ರಮಡಾಲ್ ನೆಗೆಟಿವ್, ಮಾರಿಕೊಂಡಿದ್ದಾನೆ" ಅಂತ ಆರೋಪ ಹೊರಿಸುವ ಮೊದಲು ಪರೀಕ್ಷೆ ಯಾವುದು ಅಂತ ಲ್ಯಾಬ್‌ಗೆ ಕೇಳಿ.

ಇನ್ನೆರಡು ಪ್ರಶ್ನೆ. ಕಿಡ್ನಿ ಹೇಗಿದೆ? ಮೈ ಜಗ್ಗುವುದು, ಚರ್ಮ ಮುಟ್ಟಿದರೆ ಉರಿಯುವುದು ಏನಾದರೂ ಇದೆಯಾ?

ಔಷಧಿಕಪಾಟು

ಕೌಂಟರ್‌ನ ಕಡೆಯಿಂದ ಕೆಲವು ಮಾತು.

2.5 ಮಿ.ಗ್ರಾಂ ಅಂದರೆ ದ್ರವ ಮಾರ್ಫಿನ್ ಬೇಕಾಗುತ್ತದೆ, ಎಡವಟ್ಟಾಗುವುದು ಅಲ್ಲೇ. 5 ಮಿ.ಲೀ.ಗೆ 10 ಮಿ.ಗ್ರಾಂ ಇರುವ ದ್ರವದಲ್ಲಿ 2.5 ಮಿ.ಗ್ರಾಂ ಎಂದರೆ 1.25 ಮಿ.ಲೀ. ಒಂದೇ ಮಿ.ಲೀ.ಗೆ 20 ಮಿ.ಗ್ರಾಂ ಇರುವ ಗಾಢ ದ್ರವವೂ ಉಂಟು. ಅದರಲ್ಲಿ ಯಾರಾದರೂ "ಎರಡೂವರೆ" ಅಂತ 2.5 ಮಿ.ಲೀ. ಎಳೆದರೆ 50 ಮಿ.ಗ್ರಾಂ ಹೋಯಿತು. ಚೀಟಿಯಲ್ಲಿ ಮಿ.ಗ್ರಾಂ, ಮಿ.ಲೀ. ಎರಡನ್ನೂ ಬರೆಯಿರಿ. ಸೂಜಿಯಿಲ್ಲದ ಓರಲ್ ಸಿರಿಂಜ್ ಕೊಡಿ, ಚಮಚ ಬೇಡ.

ಓಪಿಯಾಯ್ಡ್ ಅತಿಯಾದಾಗ ಉಸಿರು ಮರಳಿಸುವ ನಲೋಕ್ಸೋನ್ ಮನೆಯಲ್ಲಿರಲಿ. 50 ದಾಟಿದೆ, ಬೆಂಜೋ ಇದೆ, ಇನ್ನು ಬೇರೆ ಕಾರಣ ಬೇಡ. 4 ಮಿ.ಗ್ರಾಂ ಸ್ಪ್ರೇ ಒಂದು ಮೂಗಿನ ಹೊಳ್ಳೆಗೆ, 2-3 ನಿಮಿಷದಲ್ಲಿ ಉಸಿರು ಸರಿಯಾಗದಿದ್ದರೆ ಇನ್ನೊಂದು ಹೊಳ್ಳೆಗೆ ಹೊಸ ಸ್ಪ್ರೇ. ಕಲಿಸಬೇಕಾದದ್ದು ಮನೆಯವರಿಗೆ, ಏಕೆಂದರೆ ಪ್ರಜ್ಞೆ ತಪ್ಪಿದವನು ತಾನೇ ಹಾಕಿಕೊಳ್ಳಲಾರ. ಎಬ್ಬಿಸಿದರೂ ಏಳದ, ಗೊರಗೊರ ಸದ್ದಿನ ನಿದ್ದೆ, ಸಾಸಿವೆಕಾಳಿನಷ್ಟಾದ ಕಣ್ಣಪಾಪೆ, ನೀಲಿಗಟ್ಟಿದ ತುಟಿ: "ಚೆನ್ನಾಗಿ ಮಲಗಿದ್ದಾರೆ" ಅಂತ ಬಿಟ್ಟುಬಿಡುವುದು ಇದನ್ನೇ. ಎಚ್ಚರವಾದರೂ ಆಂಬ್ಯುಲೆನ್ಸ್ ಕರೆಯಲೇಬೇಕು. ನಲೋಕ್ಸೋನ್ ಕೆಲಸ ಮಾಡುವುದು 30ರಿಂದ 90 ನಿಮಿಷ, ಹೊಟ್ಟೆಯಲ್ಲಿರುವ ಸ್ಲೋ ರಿಲೀಸ್ ಮಾತ್ರೆ 12 ಗಂಟೆ.

ಡೋಸ್ ಇಳಿಸಿದ ಮೇಲೆ ಹಳೆಯ ಮಾತ್ರೆ ವಾಪಸ್ ಪಡೆಯಿರಿ. ಮೂರು ತಿಂಗಳ ನಂತರ ನೋವು ಕೆರಳಿದ ರಾತ್ರಿ "ಮೊದಲು ಇಷ್ಟೇ ತಗೋತಿದ್ದೆ" ಅಂತ ಹಳೆಯ ಡೋಸ್ ನುಂಗಿದರೆ ದೇಹಕ್ಕೆ ಆ ತಾಳಿಕೆ ಉಳಿದಿರುವುದಿಲ್ಲ.

ಮಲಬದ್ಧತೆಗೆ ಟಾಲರೆನ್ಸ್ ಬರುವುದೇ ಇಲ್ಲ, ಮೊದಲ ದಿನದಿಂದಲೇ ಸೆನ್ನಾ, ಪಾಲಿಎಥಿಲೀನ್ ಗ್ಲೈಕಾಲ್ 17 ಗ್ರಾಂ. ನಾರಿನ ಪುಡಿ ಬೇಡ. ಕರುಳೇ ನಿಧಾನವಾಗಿರುವಾಗ ಅದು ಗಟ್ಟಿ ಮುದ್ದೆಯಾಗಿ ಕೂರುತ್ತದೆ.

ಎದ್ದುನಡೆ

ಫಿಸಿಯೋ ಕಡೆಯಿಂದ. "ಹತ್ತಕ್ಕೆ ಎಷ್ಟು" ಅನ್ನುವ ಒಂದೇ ಪ್ರಶ್ನೆಯಿಂದ 18 ತಿಂಗಳಲ್ಲಿ ಏನೂ ತಿಳಿಯಲಿಲ್ಲ, ಬಿಟ್ಟುಬಿಡಿ. ಪಿಇಜಿ ಮಾಪನ ಬಳಸಿ. ಕಳೆದ ವಾರದ ಸರಾಸರಿ ನೋವು, ಬದುಕಿನ ಖುಷಿಗೆ ಅದು ಕೊಟ್ಟ ಅಡ್ಡಿ, ದಿನದ ಓಡಾಟಕ್ಕೆ ಕೊಟ್ಟ ಅಡ್ಡಿ, ಮೂರಕ್ಕೂ 0-10. ಉತ್ತರ 7, 8, 9 ಬಂದರೆ ಸರಾಸರಿ 8. 30 ಶೇಕಡ ಇಳಿದರೆ, ಅಂದರೆ 5.6ಕ್ಕೆ ಬಂದರೆ, ಔಷಧಿ ಕೆಲಸ ಮಾಡಿದೆ ಎನ್ನಬಹುದು. ಡೋಸ್ ಇಳಿಸಿದ ಮೇಲೂ ಈ ಅಂಕಿ ಏರದಿದ್ದರೆ ರೋಗಿಗೇ ತೋರಿಸಿ. "ಇಳಿಸಿದರೆ ಸತ್ತೇಹೋಗ್ತೀನಿ" ಅನ್ನುವ ಭಯಕ್ಕೆ ಮಾತಿಗಿಂತ ಆ ಕಾಗದ ಒಳ್ಳೆಯ ಮದ್ದು.

ನಡಿಗೆಗೆ ಮೂರು ದಿನ ಗಡಿಯಾರ ಹಿಡಿದು ಅಳೆಯಲಿ. ಸರಾಸರಿ 10 ನಿಮಿಷ ಬಂದರೆ 8ರಿಂದ ಶುರು, ವಾರಕ್ಕೊಂದು ನಿಮಿಷ ಸೇರಿಸುತ್ತ ಹೋಗಲಿ. ಚೆನ್ನಾಗಿದೆ ಅನ್ನಿಸಿದ ದಿನ 25 ನಿಮಿಷ ನಡೆದು ಮುಂದಿನ ಮೂರು ದಿನ ಹಾಸಿಗೆ ಹಿಡಿಯುವುದು, ಆಗ ಹೆಚ್ಚುವರಿ ಮಾತ್ರೆ ಕೇಳುವುದು, ಇದೇ ಸುಳಿ.

ಹೊಸಓಪಿಡಿ

ಕ್ರಿಯಾಟಿನಿನ್ 1.7, ಇಜಿಎಫ್ಆರ್ (ಕಿಡ್ನಿ ಸೋಸುವ ಶಕ್ತಿಯ ಅಳತೆ) 46, ಅಂದರೆ ಕಿಡ್ನಿ ಕುಂದಿದೆ. ಕೇಳಿದ್ದಕ್ಕೆ ಹೇಳಿದರು: ನಿದ್ದೆ ಹತ್ತುವಾಗ ಕೈಕಾಲು ಜಗ್ಗುತ್ತದಂತೆ, ಈಚೆಗೆ ಬಲಗಾಲು, ಬೆನ್ನ ಮೇಲ್ಭಾಗದಲ್ಲೂ ಬಟ್ಟೆ ತಾಗಿದರೆ ಉರಿಯಂತೆ. ಮಾತ್ರೆ ಎಣಿಕೆ ಸರಿ ಇದೆ.

ಎರಡನೇಅಭಿಪ್ರಾಯ

ಹಾಗಾದರೆ ಚಿತ್ರವೇ ಬದಲಾಯಿತು. ಮಾರ್ಫಿನ್‌ನ ಗ್ಲುಕುರೊನೈಡ್ ಅಂಶಗಳು (ಮಾರ್ಫಿನ್ ದೇಹದಲ್ಲಿ ಬದಲಾಗಿ ಆಗುವಂಥವು) ಹೊರಹೋಗುವುದು ಕಿಡ್ನಿಯ ಮೂಲಕ. ಅದು ಕುಂದಿದಾಗ ರಕ್ತದಲ್ಲಿ ಉಳಿದು ಸ್ನಾಯು ಜಗ್ಗಿಸುತ್ತವೆ, ಮಂಪರು ತರುತ್ತವೆ. ಆಪರೇಷನ್‌ಗೆ ಸಂಬಂಧವೇ ಇಲ್ಲದ ಜಾಗಕ್ಕೆ ಉರಿ ಹರಡುತ್ತಿರುವುದು ಓಪಿಯಾಯ್ಡ್‌ನಿಂದಲೇ ಹುಟ್ಟಿದ ನೋವಿನ ಸಂವೇದನೆ ಇರಬಹುದು. ಟಾಲರೆನ್ಸ್ ಆಗಿದ್ದರೆ ಡೋಸ್ ಏರಿಸಿದಾಗ ಸ್ವಲ್ಪವಾದರೂ ತಗ್ಗುತ್ತದೆ, ಇದಾದರೆ ಇನ್ನಷ್ಟು ಹರಡುತ್ತದೆ. ಕಿಡ್ನಿಗೆ ಹೊರೆಯಾಗುವ ಇಬುಪ್ರೊಫೆನ್ ಥರದ್ದೇನಾದರೂ ನುಂಗುತ್ತಿದ್ದರೆ ಮೊದಲು ನಿಲ್ಲಿಸಿ. ಟ್ರಮಡಾಲ್ ಯೋಜನೆ ಹಾಗೇ ಇರಲಿ. ಮಾರ್ಫಿನ್ ಮಾತ್ರ ತಿಂಗಳುಗಟ್ಟಲೆ ಎಳೆಯುವ ಬದಲು ಇನ್ನೊಂದು ಓಪಿಯಾಯ್ಡ್ ಆದ ಬುಪ್ರೆನಾರ್ಫಿನ್‌ಗೆ ದಾಟಿಸುವುದನ್ನು ನೋವುತಜ್ಞರೊಂದಿಗೆ ಮಾತಾಡಿ. ಅದಕ್ಕೆ ಕಿಡ್ನಿಯ ಹಂಗಿಲ್ಲ, ಉಸಿರಾಟ ತಗ್ಗಿಸುವುದು ಒಂದು ಮಟ್ಟದಾಚೆ ಹೆಚ್ಚುವುದಿಲ್ಲ. ಬೆಂಜೋ ಜೊತೆಗಿದ್ದರೆ ಆ ರಕ್ಷಣೆ ನಂಬಬೇಡಿ.

ಮಾರ್ಫಿನ್ ತುಂಬಿರುವ ದೇಹಕ್ಕೆ ಬುಪ್ರೆನಾರ್ಫಿನ್ ಪೂರ್ತಿ ಡೋಸ್ ಕೊಟ್ಟರೆ ಅದು ಮಾರ್ಫಿನ್ನನ್ನು ರಿಸೆಪ್ಟರ್‌ನಿಂದ ತಳ್ಳಿ ಗಂಟೆಯೊಳಗೆ ಭಯಂಕರ ವಿತ್‌ಡ್ರಾಯಲ್ ತರುತ್ತದೆ. ಅದಕ್ಕೇ ಮಾರ್ಫಿನ್ ನಡೆಯುತ್ತಿರುವಾಗಲೇ ಚೂರು ಚೂರಾಗಿ ಶುರು ಮಾಡುವ ಕ್ರಮವಿದೆ: ನಾಲಿಗೆಯಡಿ ಮೊದಲ ದಿನ 0.5 ಮಿ.ಗ್ರಾಂ ಒಮ್ಮೆ, ಎರಡನೇ ದಿನ 0.5 ಎರಡು ಸಲ, ಮೂರನೇ ದಿನ 1 ಎರಡು ಸಲ, ನಾಲ್ಕನೇ ದಿನ 2 ಎರಡು ಸಲ, ಹೀಗೆ ಏರಿಸಿ ವಾರದ ಹೊತ್ತಿಗೆ ಮಾರ್ಫಿನ್ ನಿಲ್ಲಿಸುವುದು. ನೋವಿಗೆ ಕೊಡುವಾಗ ದಿನದ ಡೋಸನ್ನು 6-8 ಗಂಟೆಗೊಮ್ಮೆ ಹಂಚಿ, ಒಂದೇ ಹೊತ್ತಿಗೆ ಕೊಟ್ಟರೆ ಸಂಜೆಗೆ ನೋವು ಮರಳುತ್ತದೆ. 7 ದಿನದ ಪ್ಯಾಚ್ ಅನ್ನು ಈಗಲೇ ಯೋಚಿಸಬೇಡಿ. ದಿನಕ್ಕೆ 80 ಮಿ.ಗ್ರಾಂ ಮಾರ್ಫಿನ್ ಸಮಾನ ದಾಟಿದವರಿಗೆ ಗಂಟೆಗೆ 20 ಮೈಕ್ರೋಗ್ರಾಂನ ದೊಡ್ಡ ಪ್ಯಾಚೂ ಸಾಲದೇ ಹೋಗಬಹುದು. ಮುಂದೆ ಎಂದಾದರೂ ಪ್ಯಾಚ್‌ಗೆ ಬಂದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಅದೇ ಜಾಗಕ್ಕೆ ಮೂರು ವಾರ ಮತ್ತೆ ಅಂಟಿಸಬಾರದು.