ಸಹಾಯ ಬೇಕು: ಅಡ್ರಿನಲಿನ್ ಬಂದಾಗ ಪೊಟ್ಯಾಸಿಯಂ ಬಾಗಿಲು ಯಾಕೆ ತೆರೆಯುವುದಿಲ್ಲ?

ಎಲ್ಲರಿಗೂ ನಮಸ್ಕಾರ. ನಾನು ಸೋಮವಾರಪೇಟೆ ಕಡೆಯವಳು, ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ನಾಳಿದ್ದು ಹೃದಯದ ಪಾಠ. ಮಳೆಗೆ ಮೂರು ದಿನದಿಂದ ಕರೆಂಟ್ ಇಲ್ಲ. ನೆಟ್‌ವರ್ಕ್ ಬೇಕೆಂದರೆ ಕಾಫಿ ತೋಟದ ಮೇಲಿನ ದಿಬ್ಬ ಹತ್ತಬೇಕು, ಜಿಗಣೆ ಕಾಟ ಬೇರೆ.

ನನಗೆ ಗೊತ್ತಿರುವುದು ಇಷ್ಟು. ವೇಗಸ್ ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಟ್ಟಾಗ, ಹೃದಯದ ಜೀವಕೋಶದ ಮೇಲೆ ಅದನ್ನು ಹಿಡಿಯುವ ಎಂ2 ರಿಸೆಪ್ಟರ್ ಒಳಗೆ ಸಂದೇಶ ಸಾಗಿಸುವ ಜಿ-ಐ ಪ್ರೋಟೀನನ್ನು ಎಬ್ಬಿಸುತ್ತದೆ. ಈ ಪ್ರೋಟೀನಿನ ಆಲ್ಫಾ ಭಾಗದಿಂದ ಬಿಡಿಸಿಕೊಂಡ ಬೀಟಾ-ಗಾಮಾ ಜೋಡಿ ನೇರವಾಗಿ ಜೀವಕೋಶದ ಪೊರೆಯಲ್ಲಿನ ಪೊಟ್ಯಾಸಿಯಂ ಬಾಗಿಲಾದ ಗರ್ಕ್ ಚಾನೆಲ್‌ಗೆ ಅಂಟುತ್ತದೆ. ಬಾಗಿಲು ತೆರೆದು ಪೊಟ್ಯಾಸಿಯಂ ಹೊರಗೆ ಹರಿಯುತ್ತದೆ, ಬಡಿತ ನಿಧಾನವಾಗುತ್ತದೆ. ಜೀವಕೋಶದ ಒಳಗೆ ಲೀಟರಿಗೆ ಸುಮಾರು 140 ಮಿಲಿಮೋಲ್ ಪೊಟ್ಯಾಸಿಯಂ, ಹೊರಗೆ ಬರೀ 4. ಹೊರಗೇ ಹೋಗಬೇಕು, ಅಲ್ವಾ? ಬಾಗಿಲು ತೆರೆಯುವುದು ಆಲ್ಫಾ ಭಾಗದ ಕೆಲಸವೋ ಬೀಟಾ-ಗಾಮಾದ್ದೋ ಅಂತ ಒಂದು ಕಾಲದಲ್ಲಿ ದೊಡ್ಡ ಜಗಳವೇ ನಡೆದಿತ್ತು. 1987ರಲ್ಲಿ ಬಂದ ಪ್ರಯೋಗ ಬೀಟಾ-ಗಾಮಾ ಕಡೆ ಬೆರಳು ತೋರಿಸಿತು.

ಗಂಟು ಇರುವುದು ಇಲ್ಲಿ. ಅಡ್ರಿನಲಿನ್ ಬಂದಾಗ ಎಚ್ಚರಗೊಳ್ಳುವ ಜಿ-ಎಸ್ ಎಂಬ ಇನ್ನೊಂದು ಜಿ-ಪ್ರೋಟೀನಿನಿಂದಲೂ ಬೀಟಾ-ಗಾಮಾ ಹೊರಬರುತ್ತದಲ್ಲ? ಆದರೂ ಬಡಿತ ಜಾಸ್ತಿಯಾಗುತ್ತದೆ! ಈ ಜೋಡಿ ಆಗ ಬಾಗಿಲು ತೆರೆಯುವುದಿಲ್ಲ ಯಾಕೆ? ‘ಜಿ-ಐ ಚಾನೆಲ್‌ಗೆ ಹತ್ತಿರ ಇರುತ್ತದೆ’ ಅಂತ ಸುಮ್ನೆ ಹೇಳಿ ಮುಗಿಸಲು ಮನಸ್ಸಿಲ್ಲ, ಮಕ್ಕಳು ಬಿಡುವುದೂ ಇಲ್ಲ.

ತಿಳಿದವರು ದಯವಿಟ್ಟು ಬರೆದೇ ಹೇಳಿ. ವಿಡಿಯೋ ಕಳಿಸಿದರೆ ಇಲ್ಲಿ ತೆರೆಯುವುದಿಲ್ಲ.