ಬೇಸ್‌ಮೆಂಟಿನ ಸಬ್‌ಪ್ಯಾನೆಲ್: 'ಗ್ರೌಂಡಿಂಗ್'ಗೆ ಕನ್ನಡದಲ್ಲಿ ಏನು?

ಅಕ್ಕಾ, ಅಮೆರಿಕದ ಮನೆಯ ನೆಲಮಾಳಿಗೆಯ ಸಬ್‌ಪ್ಯಾನೆಲ್ (ಮೇನ್ ಪ್ಯಾನೆಲ್‌ನಿಂದ ಕರೆಂಟು ಪಡೆದು ಹಂಚುವ ಚಿಕ್ಕ ಪೆಟ್ಟಿಗೆ) ಬಗ್ಗೆ ಬರೆಯುವಾಗ 'ಗ್ರೌಂಡಿಂಗ್'ಗೆ ಯಾವ ಪದ ಹಾಕಲಿ ಎಂದು ಕೇಳಿದಿರಿ, ಹಲವರು ಉತ್ತರಿಸಿದರು. ನಾಳೆ ಬೆಳಗ್ಗೆ ಪುಟ ಅಚ್ಚಿಗೆ ಹೋಗುತ್ತದೆ ಎಂದಿದ್ದೀರಿ. ಹಾಗಾಗಿ ಮೊದಲು ಉತ್ತರ: 'ಅರ್ತ್' ಎಂದೇ ಬರೆಯಿರಿ. ಅರ್ತ್ ತಂತಿ, ಅರ್ತ್ ಪಟ್ಟಿ, ಅರ್ತ್ ಮಾಡುವುದು. ನಮ್ಮ ಕಾಸರಗೋಡಿನ ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ವಯರಿಂಗ್ ಮಾಡುವವರು ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಮಾತಾಡಿದರೂ ಬಾಯಲ್ಲಿ ಬರುವುದು ಇದೇ. 'ಗ್ರೌಂಡ್' ಅಮೆರಿಕದವರ ಮಾತು. ಇಲ್ಲಿ ಗ್ರೌಂಡ್ ಅಂದರೆ ಕ್ರಿಕೆಟ್ ಆಡುವ ಜಾಗ. 'ಅರ್ಥ್' ಅಂತ ಥಕಾರ ಹಾಕಬೇಡಿ, ಸುಮ್ನೆ 'ಅರ್ಥ'ದ ಜೊತೆ ಗೊಂದಲವಾಗುತ್ತದೆ.

ಈ ಚರ್ಚೆಯಲ್ಲಿ ಮಾಸ್ಟ್ರು ಕೊಟ್ಟ 'ನೆಲಗೂಡಿಕೆ' ಬೇಡ. 'ನೆಲ' ಹಳೆಯ ಪದ ಎಂಬ ಅವರ ಮಾತು ಸರಿ. ತುಳುವಿನಲ್ಲೂ ನೆಲ, ತೆಲುಗಿನಲ್ಲಿ ನೇಲ, ತಮಿಳು ಮಲಯಾಳಗಳಲ್ಲಿ ನಿಲಂ. ಹಳೆಯದು ಅಂದ ಮಾತ್ರಕ್ಕೆ ಇಲ್ಲಿಗೆ ಹೊಂದುತ್ತದೆಯೇ? ಮನೆಯೊಳಗೆ ನೆಲ ಅಂದರೆ ನಾವು ಗುಡಿಸಿ ಒರೆಸುವ ನೆಲ. 'ನೆಲಮಾಳಿಗೆಯಲ್ಲಿ ನೆಲತಂತಿ' ಅಂದರೆ ಸಿಮೆಂಟಿನಡಿ ಹಾದು ಹೋದ ವಯರು ಎಂದೇ ಓದುವವರು ತಿಳಿಯುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ಕೆಲಸದಲ್ಲೇ ಇದೆ. ಈ ಚರ್ಚೆಯಲ್ಲಿ ಯಾರೂ ಅದನ್ನು ಎತ್ತಲಿಲ್ಲ. ಸಬ್‌ಪ್ಯಾನೆಲ್‌ಗೆ ಅರ್ತ್ ಮಾಡುವುದು ಅಂದರೆ ಅದರ ಪೆಟ್ಟಿಗೆಯನ್ನು ಮಣ್ಣಿಗೆ ಸೇರಿಸುವುದಲ್ಲ. ಅಮೆರಿಕದ ಮನೆಯಲ್ಲಿ ಮೇನ್ ಪ್ಯಾನೆಲ್‌ನಿಂದ ಸಬ್‌ಪ್ಯಾನೆಲ್‌ಗೆ ನಾಲ್ಕು ತಂತಿ ಬರಬೇಕು: ಕರೆಂಟು ತರುವ ಎರಡು ಲೈವ್, ಅದನ್ನು ಹಿಂದಿರುಗಿಸುವ ಒಂದು ನ್ಯೂಟ್ರಲ್, ಒಂದು ಅರ್ತ್. ಎಲ್ಲಾದರೂ ಲೈವ್ ತಂತಿ ಪೆಟ್ಟಿಗೆಯ ಲೋಹಕ್ಕೆ ತಾಗಿದರೆ ಕರೆಂಟು ಆ ನಾಲ್ಕನೇ ತಂತಿ ಹಿಡಿದು ಮೇನ್ ಪ್ಯಾನೆಲ್‌ಗೆ, ಅಲ್ಲಿಂದ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಓಡಬೇಕು. ಜಾಸ್ತಿ ಕರೆಂಟು ಓಡಿದರೆ ತಾನೇ ಬ್ರೇಕರ್ ಬೀಳುವುದು? ಮಣ್ಣಿನ ದಾರಿಯಲ್ಲಿ ಅಷ್ಟು ಓಡುವುದಿಲ್ಲ. ಅಮೆರಿಕದ 120 ವೋಲ್ಟಿಗೆ, ಮಣ್ಣಿಗೆ ಹೊಡೆದ ಅರ್ತ್ ಗೂಟದ ತಡೆ 25 ಓಮ್ ಇದ್ದರೆ 5 ಆಂಪಿಯರ್ ಕೂಡ ಸಾಗದು. 15 ಆಂಪಿಯರ್‌ನ ಬ್ರೇಕರ್ ಅಲ್ಲಾಡುವುದಿಲ್ಲ. ನಮ್ಮ 230 ವೋಲ್ಟಿನಲ್ಲೂ, 10 ಓಮ್ ಅಂದುಕೊಂಡರೆ, 23 ಆಂಪಿಯರ್. 16 ಆಂಪಿಯರ್‌ನ ಸಿ ಟೈಪ್ ಎಂಸಿಬಿ (ಇಲ್ಲಿನ ಬ್ರೇಕರ್) ತಟ್ಟನೆ ಬೀಳಲು ಕಡಿಮೆಯೆಂದರೂ 80 ಆಂಪಿಯರ್ ಬೇಕು. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಬೇಸಗೆಗೆ ಮಣ್ಣು ಒಣಗಿದಾಗ ಆ ತಡೆ ಇನ್ನೂ ಏರುತ್ತದೆ.

ಈಗ 'ನೆಲಗೂಡಿಸಿ' ಎಂದು ಅಚ್ಚು ಹಾಕಿ ನೋಡಿ. ಓದಿದವನು ಸಬ್‌ಪ್ಯಾನೆಲ್ ಪಕ್ಕ ಒಂದು ಗೂಟ ಹೊಡೆದು, ನಾಲ್ಕನೇ ತಂತಿ ಬಿಟ್ಟು, ಕೆಲಸ ಮುಗಿಯಿತು ಅಂದುಕೊಳ್ಳುತ್ತಾನೆ. ಪೆಟ್ಟಿಗೆ ಮುಟ್ಟಿದವರ ಗತಿ? ಶಾಲೆಯ ಪುಸ್ತಕದ 'ಭೂಸಂಪರ್ಕ' ಪದಕ್ಕೂ ಇದೇ ದೋಷ. ಪಾಠದಲ್ಲಿದೆ ಅನ್ನುವುದು ಕಾರಣವಾಗದು. ಅದೇ ಪಾಠದಲ್ಲಿ ಲೈವ್ ತಂತಿಗಿರುವ 'ಸಜೀವ ತಂತಿ' ಎಂಬ ಹೆಸರು ಹೇಳಿ ಕೇಳಿದರೆ ಅಂಗಡಿಯವನು ಏನು ಕೊಡಬೇಕು?

ಕನ್ನಡ ಚೆನ್ನಾಗಿ ಕೆಲಸ ಮಾಡುವ ಕಡೆ ಕನ್ನಡವನ್ನೇ ಬಳಸಿ. ಒಂದನ್ನೊಂದಕ್ಕೆ ಕರೆಂಟು ಹರಿಯುವಂತೆ ಸೇರಿಸುವ 'ಬಾಂಡಿಂಗ್'ಗೆ ಹೊಸ ಪದ ಕಟ್ಟುವುದು ಬೇಡ, 'ಜೋಡಿಸು' ಸಾಕು. ನ್ಯೂಟ್ರಲ್ಲನ್ನೂ ಅರ್ತನ್ನೂ ಮೇನ್ ಪ್ಯಾನೆಲ್‌ನಲ್ಲಿ ಮಾತ್ರ ಜೋಡಿಸಬೇಕು. ಸಬ್‌ಪ್ಯಾನೆಲ್‌ನಲ್ಲಿ ಮತ್ತೆ ಜೋಡಿಸಿದರೆ ದಿನವೂ ನ್ಯೂಟ್ರಲ್‌ನಲ್ಲಿ ಹಿಂದಿರುಗುವ ಕರೆಂಟಿನ ಒಂದು ಪಾಲು ಅರ್ತ್ ತಂತಿಗೂ ಪೆಟ್ಟಿಗೆಯ ಲೋಹಕ್ಕೂ ಹರಿಯುತ್ತದೆ. ಹಾಗೆಯೇ 'ನೆಲಮಾಳಿಗೆ' ಒಳ್ಳೆಯ ಪದ, ಉಳಿಸಿಕೊಳ್ಳಿ. ನಮ್ಮ ಕಡೆಯ ಮೇಸ್ತ್ರಿಗಳಿಗೆ 'ಬೇಸ್‌ಮೆಂಟ್' ಅಂದರೆ ಪಂಚಾಂಗದ, ಅಂದರೆ ಅಡಿಪಾಯದ, ಕಟ್ಟು.

ನೀವು ಕೇಳದ ಒಂದು ಮಾತು, ಪದಕ್ಕಿಂತ ಮುಖ್ಯವಾದದ್ದು. ನಿಮ್ಮ ಕರಡಿನಲ್ಲಿ 'ಕಪ್ಪು ತಂತಿ' ಎಂದಷ್ಟೇ ಇದೆ. ಅಮೆರಿಕದಲ್ಲಿ ಕಪ್ಪು ಲೈವ್, ಬಿಳಿ ನ್ಯೂಟ್ರಲ್. ಇಲ್ಲಿ ಕಪ್ಪೇ ನ್ಯೂಟ್ರಲ್. ಊರಲ್ಲಿ ವಯರಿಂಗ್ ಕಲಿತು ಅಲ್ಲಿಗೆ ಹೋದವರು ಅದನ್ನು ನ್ಯೂಟ್ರಲ್ ಅಂತ ಹಿಡಿದಾರು. ಪ್ರತಿ ಸಲವೂ 'ಕಪ್ಪು ಲೈವ್ ತಂತಿ' ಎಂದು ಪೂರ್ತಿ ಬರೆಯಿರಿ. ಹಸಿರು ಮಾತ್ರ ಎರಡೂ ಕಡೆ ಅರ್ತ್. ಅಲ್ಲಿ ಹೊದಿಕೆಯಿಲ್ಲದ ಬರಿ ತಾಮ್ರವನ್ನೂ ಅರ್ತಿಗೆ ಬಳಸುತ್ತಾರೆ.

ಇನ್ನು 'ಕಾಸರಗೋಡಿನವರೇ ಇಂಗ್ಲಿಷಿಗೆ ಶರಣಾದರೆ ಹೇಗೆ' ಎಂದು ಬರೆದವರಿಗೆ. ಈ ಮಾತು ನೋವು ಕೊಟ್ಟಿತು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ (ಇಂದಿನ ಕರ್ನಾಟಕಕ್ಕೆ) ಸೇರಲಿ ಎಂದು ಗಡಿ ವಿವಾದ ನೋಡಿದ ಮಹಾಜನ್ ಆಯೋಗ 1967ರಲ್ಲೇ ಹೇಳಿತು, ಆಗಲಿಲ್ಲ. ನಾವು ಕೇಳುತ್ತಾ ಬಂದದ್ದು ಕಚೇರಿಯ ಅರ್ಜಿ ಕನ್ನಡದಲ್ಲಿರಲಿ, ಕನ್ನಡ ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬರಲಿ ಎಂದು. 'ಅರ್ತ್' ಪದವನ್ನು ಓಡಿಸಿ ಎಂದು ಯಾರೂ ಕೇಳಿಲ್ಲ. ಬಟಾಟೆ, ಚಾವಿ ಪೋರ್ಚುಗೀಸರಿಂದ ಬಂದವು. ಅವನ್ನು ಬಳಸಿದ್ದಕ್ಕೆ ನಮ್ಮ ಅಜ್ಜಿಯರ ಕನ್ನಡ ಕಡಿಮೆಯಾಯಿತೇ? ಅರ್ತಿಗೆ, ಅರ್ತಿನಿಂದ, ಅರ್ತಾಗಿದೆ. ನಮ್ಮ ವಿಭಕ್ತಿ, ನಮ್ಮ ಕ್ರಿಯಾಪದ ಹತ್ತಿಸಿಕೊಂಡ ಪದವನ್ನು ಹೊರಗಿನದು ಅನ್ನಲು ನಾನು ಒಪ್ಪುವುದಿಲ್ಲ. ಭಾಷೆ ಸೋಲುವುದು ವಾಕ್ಯ ಕಟ್ಟಲು ಬಾರದಾಗ, ಆ ಚಿಂತೆ ಮಾಡೋಣ.

ಅಕ್ಕಾ, ಚಿತ್ರದ ಕೆಳಗೆ ಹೀಗೆ ಹಾಕಿ: 'ಮೇನ್ ಪ್ಯಾನೆಲ್‌ನಿಂದ ಬಂದ ಅರ್ತ್ ತಂತಿಯನ್ನು ಸಬ್‌ಪ್ಯಾನೆಲ್‌ನ ಅರ್ತ್ ಪಟ್ಟಿಗೆ ಬಿಗಿಯಿರಿ. ಅರ್ತ್ ಪಟ್ಟಿ ಪೆಟ್ಟಿಗೆಯ ಲೋಹಕ್ಕೆ ತಾಗಿರಬೇಕು. ನ್ಯೂಟ್ರಲ್ ಪಟ್ಟಿ ಪೆಟ್ಟಿಗೆಗೂ ಅರ್ತ್ ಪಟ್ಟಿಗೂ ತಾಗಬಾರದು. ಎರಡನ್ನೂ ಜೋಡಿಸುವ ಹಸಿರು ಸ್ಕ್ರೂ ಹಾಕಬೇಡಿ.' ಇದನ್ನು ಮೊಟಕು ಮಾಡಬೇಡಿ. ಜಾಗ ಸಾಲದಿದ್ದರೆ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿ.